ಸೈಲೆನ್ಸರ್ ಖಾಲಿ, ಸರ್ಟಿಫಿಕೇಟ್ ಪಾಸ್!

ಮೊದಲು ನಮ್ಮ ತಪ್ಪು ಒಪ್ಪಿಕೊಂಡುಬಿಡುತ್ತೇವೆ. ಕಳೆದ ಮಳೆಗಾಲದಲ್ಲಿ ನಾವು ಒಂದು ಸುಳ್ಳು ಹೊಗೆ ಸರ್ಟಿಫಿಕೇಟ್ ಮಾಡಿಸಿಕೊಟ್ಟೆವು. ಗಾಡಿ ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿಯ ಮನೆ ಮುಂದೆ ನಿಂತಿತ್ತು. ನಾವು ಪೇಟೆಯಲ್ಲಿದ್ದೆವು. ನಂಬರ್ ಪ್ಲೇಟಿನ ಫೋಟೊ ವಾಟ್ಸಾಪಿನಲ್ಲಿ ಬಂತು, ದುಡ್ಡು ಫೋನಿನಲ್ಲಿ ಹೋಯಿತು, ಹತ್ತು ನಿಮಿಷದಲ್ಲಿ ಕಾಗದ ಕೈಗೆ ಬಂತು. ಅದರಲ್ಲಿ ಅಂಕಿ ಇತ್ತು, ಸೀಲು ಇತ್ತು, ಪಾಸ್ ಎಂದೂ ಇತ್ತು. ಇಲ್ಲದ್ದು ಒಂದೇ, ಪರೀಕ್ಷೆ.

ಊರವರ ಅಕ್ರಮಗಳನ್ನು ಬರೆಯುವ ನಾವೇ ಇದನ್ನು ಮಾಡಿದೆವು. ‘ಎಲ್ಲರೂ ಮಾಡ್ತಾರೆ’ ಅಂದುಕೊಂಡು ಮಾಡಿದೆವು. ಆಮೇಲೆ ಆ ಗಾಡಿಯೊಳಗೆ ಏನಾಯಿತು ಎಂಬುದನ್ನು ಕಂಡ ಮೇಲೆ ಇದನ್ನು ಬರೆಯದೆ ಇರುವುದು ಸರಿಯಲ್ಲ ಅನ್ನಿಸಿತು.

ಅದು ನಮ್ಮ ಗುಂಪಿನ ಗೆಳೆಯರೊಬ್ಬರ ಮನೆಯ ಪೆಟ್ರೋಲ್ ವ್ಯಾನು. 2017ರ ಮಾದರಿ, ಬಿಎಸ್-4, ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. ಬೆಳಿಗ್ಗೆ ನಾಲ್ಕಾರು ಮಕ್ಕಳನ್ನು ಶಾಲೆಗೆ ಬಿಡುತ್ತದೆ, ಸಂತೆಯ ದಿನ ಮೆಣಸಿನಕಾಯಿ ಚೀಲ ಹೊರುತ್ತದೆ, ಅಮಾವಾಸ್ಯೆಗೆ ದೇವಸ್ಥಾನಕ್ಕೆ ಹೋಗುತ್ತದೆ. ಒಂದು ದಿನ ಮೀಟರಿನಲ್ಲಿ ಹಳದಿ ಇಂಜಿನ್ ದೀಪ ಹತ್ತಿತು. ಮೈಲೇಜ್ ಇಳಿಯಿತು. ಪೇಟೆಯ ಗ್ಯಾರೇಜಿನಲ್ಲಿ ಮಷಿನ್ ಹಚ್ಚಿ ನೋಡಿ ‘ಕ್ಯಾಟ್ ಹೋಗಿದೆ’ ಅಂದರು. ಹೊಸದರ ಬೆಲೆ ಕೇಳಿ ಮನೆಯವರು ಎದೆ ಹಿಡಿದುಕೊಂಡರು. ‘ಅದ್ಯಾಕ್ರೀ, ಒಳಗಿಂದು ಹೊಡೆದು ಹಾಕಿದ್ರ ಆತು, ಗಾಡಿ ಇನ್ನೂ ಚಲೋ ಎಳಿತೈತಿ’ ಎಂಬ ಪರಿಹಾರವೂ ಅಲ್ಲೇ ಸಿಕ್ಕಿತು. ಹೊಡೆದು ಹಾಕಿದರು. ದೀಪ ಮತ್ತೆ ಹತ್ತದಂತೆ ಏನೋ ಮಾಡಿಕೊಟ್ಟರು. ಒಳಗಿನ ಜೇನುಗೂಡು ಗ್ಯಾರೇಜಿನಲ್ಲೇ ಉಳಿಯಿತು.

ಮಳೆ ಹಿಡಿದು ಕಿಟಕಿ ಮುಚ್ಚಿದ ಮೇಲೆ ಹಿಂದಿನ ಸೀಟಿನ ಮಕ್ಕಳಿಗೆ ತಲೆನೋವು, ಓಕರಿಕೆ ಶುರುವಾಯಿತು. ‘ಗಾಡಿ ಆಗಿಬರಲ್ಲ’ ಎಂದು ಎಲ್ಲರೂ ಸುಮ್ಮನಾದರು. ಕೈಯಲ್ಲಿ ನಿಂಬೆಹಣ್ಣು ಕೊಟ್ಟರು. ಶಾಲೆ ತಲುಪಿ ಅರ್ಧ ತಾಸಿಗೆ ಮಕ್ಕಳು ಸರಿಹೋಗುತ್ತಿದ್ದರು. ಸಂಜೆ ಬರುವಾಗ ಮತ್ತೆ ಅದೇ ಕತೆ. ಕೊನೆಗೆ ಇನ್ನೊಬ್ಬ ಮೆಕ್ಯಾನಿಕ್ ಗಾಡಿಯನ್ನು ಎತ್ತಿ ಅಡಿಗೆ ಬ್ಯಾಟರಿ ಬಿಟ್ಟು ನೋಡಿದರು. ಪೈಪಿನ ಜೋಡಣೆಯಲ್ಲಿ ಗ್ಯಾಸ್ಕೆಟ್ ಸುಟ್ಟಿತ್ತು, ಸುತ್ತ ಮಸಿ ಹರಡಿತ್ತು. ಅದರ ನೇರ ಮೇಲೆ ನೆಲದ ತಗಡು ತುಕ್ಕು ಹಿಡಿದು ಬಾಯಿ ಬಿಟ್ಟಿತ್ತು. ಹೊಗೆ ಹಿಂದಿನ ಪೈಪಿನಿಂದ ಹೊರಹೋಗುವ ಮೊದಲೇ ಮಕ್ಕಳ ಕಾಲ ಬುಡದಲ್ಲಿ ಒಳಗೆ ಬರುತ್ತಿತ್ತು.

ಗ್ಯಾಸ್ಕೆಟ್ ಬದಲಾಯಿಸಿ, ತಗಡಿಗೆ ವೆಲ್ಡಿಂಗ್ ಮಾಡಿದರು. ತಲೆನೋವು ನಿಂತಿತು. ಅದೇ ಹೊತ್ತಿನಲ್ಲಿ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ನಾವು ಮಾಡಿಸಿಕೊಟ್ಟ ‘ಪಾಸ್’ ಕಾಗದ ಬೆಚ್ಚಗೆ ಮಲಗಿತ್ತು.

ಕಾಣದ ಹೊಗೆಯೇ ಕೊಲ್ಲುವ ಹೊಗೆ

ನಮ್ಮಲ್ಲಿ ಹೊಗೆ ಎಂದರೆ ಕಣ್ಣಿಗೆ ಕಾಣುವ ಕಪ್ಪು ಹೊಗೆ ಮಾತ್ರ. ಕಾಣದಿದ್ದರೆ ಗಾಡಿ ಚೊಕ್ಕ ಎಂದು ಲೆಕ್ಕ. ಈ ಲೆಕ್ಕವೇ ತಪ್ಪು. ಪೆಟ್ರೋಲ್ ಗಾಡಿಯ ಅತಿ ಅಪಾಯದ ಅನಿಲ ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಉಸಿರಾಡುತ್ತಿದ್ದರೂ ಮೈಗೆ ಉಸಿರು ಸಿಗುವುದಿಲ್ಲ. ಮೊದಲು ತಲೆನೋವು, ಓಕರಿಕೆ, ಮಂಪರು. ಆಮೇಲೆ ಎಚ್ಚರ ತಪ್ಪುತ್ತದೆ.

ಬಿಎಸ್-4 ಪೆಟ್ರೋಲ್ ಕಾರಿನ ಹೊಗೆಯಲ್ಲಿ, ಇಂಜಿನ್ ಸುಮ್ಮನೆ ಓಡುವಾಗ, ಈ ಅನಿಲ ಶೇಕಡ 0.3 ದಾಟಬಾರದು ಎಂಬುದು ನಿಯಮ. ಸಣ್ಣ ಅಂಕಿ ಅನ್ನಿಸುತ್ತದೆ. ಆದರೆ ಅದು ಹತ್ತು ಲಕ್ಷದಲ್ಲಿ 3000 ಭಾಗ. ಆ ಗಾಳಿಯನ್ನೇ ಅರ್ಧ ತಾಸು ಉಸಿರಾಡಿದರೆ ಪ್ರಾಣಕ್ಕೆ ಅಪಾಯ. ಅಂದರೆ ನಿಜವಾಗಿ ಪಾಸಾದ ಗಾಡಿಯ ಹೊಗೆ ಕೂಡ ಸೀಟಿನ ಕಡೆ ಬರಬಾರದು. ಕ್ಯಾಟ್ ಕಿತ್ತ ಗಾಡಿಯದಂತೂ ಕೇಳಲೇಬೇಡಿ.

ಕ್ಯಾಟ್ ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್. ಹಳ್ಳಿಯಲ್ಲಿ ಇಂಜಿನಿನಿಂದ ಹಿಂದಿನ ತುದಿಯವರೆಗೆ ಇರುವುದೆಲ್ಲ ‘ಸೈಲೆನ್ಸರ್’. ಆದರೆ ಸೈಲೆನ್ಸರ್ ಸದ್ದು ತಗ್ಗಿಸುವ ಡಬ್ಬಿ ಅಷ್ಟೆ. ಕ್ಯಾಟ್ ಬೇರೆ. ಅದರೊಳಗೆ ಜೇನುಗೂಡಿನಂಥ ಸಣ್ಣ ತೂತುಗಳ ಪಿಂಗಾಣಿ ಇದೆ. ಅದಕ್ಕೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ತೆಳು ಲೇಪ. ಸುಮಾರು 250–300 ಡಿಗ್ರಿ ಕಾದ ಮೇಲೆ ಅದು ಕೆಲಸ ಶುರು ಮಾಡುತ್ತದೆ. ವಿಷದ ಮೊನಾಕ್ಸೈಡನ್ನು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ, ಅರೆಬೆಂದ ಪೆಟ್ರೋಲನ್ನು ಸುಡುತ್ತದೆ, ನೈಟ್ರೋಜನ್ ಆಕ್ಸೈಡುಗಳನ್ನು ಬರೀ ನೈಟ್ರೋಜನ್ ಮಾಡುತ್ತದೆ. ಈ ಜೇನುಗೂಡನ್ನು ಕಬ್ಬಿಣದ ಸರಳಿನಿಂದ ಹೊಡೆದು ಪುಡಿ ಮಾಡುವುದಕ್ಕೆ ನಾವು ‘ರಿಪೇರಿ’ ಎಂಬ ಹೆಸರು ಕೊಟ್ಟಿದ್ದೇವೆ. ಜ್ವರ ಬಂತೆಂದು ಥರ್ಮಾಮೀಟರ್ ಒಡೆದರೆ ಅದು ವೈದ್ಯವೇ? ಇನ್ನೊಂದು ಮಾತು: ಆ ಪುಡಿಗೂ ಗುಜರಿಯಲ್ಲಿ ಬೆಲೆ ಇದೆ. ಕಿತ್ತದ್ದನ್ನು ನಿಮಗೆ ವಾಪಸ್ ಕೊಡದಿರುವುದಕ್ಕೆ ಕಾರಣ ಅದೂ ಇರಬಹುದು.

ಮಷಿನ್ ಹೇಳಿದ್ದು ಒಂದು, ಕೇಳಿಸಿಕೊಂಡದ್ದು ಒಂದು

ನಮ್ಮ ವ್ಯಾನಿನ ಮಷಿನಿನಲ್ಲಿ ಬಂದ ಕೋಡು ಪಿ0420. ಅದರ ಅರ್ಥ ‘ಕ್ಯಾಟಿನ ಕೆಲಸ ನಿಗದಿಗಿಂತ ಕಡಿಮೆ ಕಾಣುತ್ತಿದೆ’ ಎಂದಷ್ಟೆ. ‘ಕ್ಯಾಟ್ ಬದಲಾಯಿಸಿ’ ಎಂದು ಅದು ಹೇಳುವುದಿಲ್ಲ. ‘ಕಿತ್ತುಹಾಕಿ’ ಎಂದಂತೂ ಇಲ್ಲವೇ ಇಲ್ಲ. ಕೋಡು ಪೊಲೀಸ್ ದೂರಿನ ಹಾಗೆ. ದೂರು ಬಂದ ತಕ್ಷಣ ತೀರ್ಪು ಕೊಡುತ್ತೀರಾ, ತನಿಖೆ ಮಾಡುತ್ತೀರಾ?

ತನಿಖೆ ಹೇಗೆಂದು ಎರಡನೆಯ ಮೆಕ್ಯಾನಿಕ್ ನಮಗೆ ತೋರಿಸಿದರು. ಅದರಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಮಷಿನ್ನೇ ಬೇಡ.

ಮೊದಲು ಸೋರಿಕೆ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ, ಬಯಲಿನಲ್ಲಿ, ಗಾಡಿ ಚಾಲೂ ಮಾಡಿ. ಒಬ್ಬರು ದಪ್ಪ ಬಟ್ಟೆಯಿಂದ ಹಿಂದಿನ ಪೈಪನ್ನು ಒಂದು ಕ್ಷಣ ಒತ್ತಿ ಹಿಡಿಯಲಿ, ಇನ್ನೊಬ್ಬರು ಕಿವಿಗೊಡಲಿ. ಎಲ್ಲಿ ‘ಚಿಸ್ಸ್’ ಅಥವಾ ‘ಟಿಕ್ ಟಿಕ್’ ಕೇಳುತ್ತದೋ ಅಲ್ಲಿ ಸೋರಿಕೆ. ಜೋಡಣೆಗಳಲ್ಲಿ ಮಸಿ ಗೆರೆ ಇದ್ದರೆ ಅದೂ ಸಾಕ್ಷಿ. ಜಾಕ್ ಒಂದನ್ನೇ ನಂಬಿ ಗಾಡಿ ಅಡಿಗೆ ಹೋಗಬೇಡಿ, ಕಾದ ಪೈಪು ಮುಟ್ಟಬೇಡಿ.

ಸೋರಿಕೆ ಸಣ್ಣದು ಅನ್ನಿಸಬಹುದು. ಆದರೆ ಅಲ್ಲಿಂದ ಹೊಗೆ ಹೊರಹೋಗುವುದು ಮಾತ್ರವಲ್ಲ, ಹೊರಗಿನ ಗಾಳಿ ಒಳಗೂ ಸೇರುತ್ತದೆ. ಮುಂದಿನ ಆಕ್ಸಿಜನ್ ಸೆನ್ಸರ್ ಆ ಗಾಳಿ ನೋಡಿ ‘ಪೆಟ್ರೋಲ್ ಕಡಿಮೆಯಾಯಿತು’ ಎಂದು ಕಂಪ್ಯೂಟರಿಗೆ ತಪ್ಪು ವರದಿ ಕೊಡುತ್ತದೆ. ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಬೀಳುತ್ತದೆ. ಹಿಂದಿನ ಸೆನ್ಸರ್ ಬಳಿ ಸೋರಿದರೆ ಚೆನ್ನಾಗಿರುವ ಕ್ಯಾಟಿನ ಮೇಲೂ ಪಿ0420 ಆಪಾದನೆ ಬರುತ್ತದೆ. ನಮ್ಮ ವ್ಯಾನಿನಲ್ಲಿ ಆದದ್ದೂ ಇದೇ ಇರಬಹುದು. ಕ್ಯಾಟ್ ನಿಜವಾಗಿ ಸತ್ತಿತ್ತೋ, ಸೋರುವ ಗ್ಯಾಸ್ಕೆಟ್ಟಿನ ತಪ್ಪಿಗೆ ಅದು ಬಲಿಯಾಯಿತೋ, ಈಗ ಹೇಳಲು ಬರುವುದಿಲ್ಲ. ಪರೀಕ್ಷಿಸಬೇಕಾದ ವಸ್ತುವೇ ಗುಜರಿಗೆ ಹೋಗಿದೆ.

ಎರಡನೆಯದು ಬಣ್ಣ. ಕಪ್ಪು ಹೊಗೆ ಎಂದರೆ ಇಂಧನ ಹೆಚ್ಚು ಅಥವಾ ಗಾಳಿ ಕಡಿಮೆ. ಏರ್ ಫಿಲ್ಟರ್, ಇಂಜೆಕ್ಟರ್ ನೋಡಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಇಂಜಿನ್ ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ, ಜೊತೆಗೆ ರೇಡಿಯೇಟರ್ ನೀರು ಕಡಿಮೆಯಾಗುವುದು, ಇವೆರಡೂ ಸೇರಿದರೆ ಹೆಡ್ ಗ್ಯಾಸ್ಕೆಟ್ ಅನುಮಾನ. ಚಳಿಗಾಲದ ಬೆಳಗಿನ ತೆಳು ಬಿಳಿ ಆವಿಗೆ ಹೆದರಬೇಡಿ, ಅದು ನೀರಾವಿ.

ಮೂರನೆಯದು ಮಿಸ್‌ಫೈರ್. ಪ್ಲಗ್ಗು, ಕಾಯಿಲ್ ಕೆಟ್ಟರೆ ಸುಡದ ಪೆಟ್ರೋಲ್ ನೇರ ಕ್ಯಾಟಿಗೆ ಹೋಗಿ ಅಲ್ಲಿ ಉರಿಯುತ್ತದೆ. ಜೇನುಗೂಡು ಕರಗುತ್ತದೆ. ಅದಕ್ಕೇ ಇಂಜಿನ್ ದೀಪ ಮಿನುಗಿದರೆ ಗಾಡಿ ಬದಿಗೆ ನಿಲ್ಲಿಸಬೇಕು. ಸುಮ್ಮನೆ ಹತ್ತಿಕೊಂಡಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಹೋಗಬಹುದು. ಕೆಲವು ನೂರು ರೂಪಾಯಿಯ ಪ್ಲಗ್ಗಿಗೆ ಜಿಪುಣತನ ಮಾಡಿ ಸಾವಿರಾರು ರೂಪಾಯಿಯ ಕ್ಯಾಟ್ ಕಳೆದುಕೊಂಡವರು ಎಷ್ಟು ಜನವೋ. ಮೂಲ ಕಾಯಿಲೆ ಬಿಟ್ಟು ಹೊಸ ಕ್ಯಾಟ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಇಷ್ಟೂ ಆದ ಮೇಲೆ ಕ್ಯಾಟಿನ ವಿಚಾರಣೆ. ಮಾಮೂಲಿ ಆಕ್ಸಿಜನ್ ಸೆನ್ಸರ್ ಇರುವ ಗಾಡಿಯಲ್ಲಿ ಮುಂದಿನ ಸೆನ್ಸರಿನ ವೋಲ್ಟೇಜ್ 0.1ರಿಂದ 0.9ರ ನಡುವೆ ಉಯ್ಯಾಲೆ ಆಡುತ್ತದೆ. ಹಿಂದಿನದು 0.6–0.7ರ ಹತ್ತಿರ ಹೆಚ್ಚು ಅಲುಗಾಡದೆ ನಿಂತರೆ ಕ್ಯಾಟ್ ಬದುಕಿದೆ. ಹಿಂದಿನದೂ ಮುಂದಿನದರ ಹಾಗೆಯೇ ಕುಣಿದರೆ ಕ್ಯಾಟ್ ಕೆಲಸ ಬಿಟ್ಟಿದೆ. ಗಾಡಿ ಏರು ಹತ್ತದೆ ಉಬ್ಬಸಪಟ್ಟರೆ ಕ್ಯಾಟ್ ಕಟ್ಟಿಕೊಂಡಿರಬಹುದು. ಮುಂದಿನ ಸೆನ್ಸರ್ ಬಿಚ್ಚಿ ಆ ತೂತಿಗೆ ಒತ್ತಡದ ಮೀಟರ್ ಹಾಕಿ, 2500 ಆರ್‌ಪಿಎಂನಲ್ಲಿ ಸುಮಾರು 3 ಪಿಎಸ್‌ಐ ದಾಟಿದರೆ ಅಡಚಣೆ ಇದೆ ಎಂದು ತಿಳಿಯುತ್ತಾರೆ. ಇದೆಲ್ಲ ಅರ್ಧ ದಿನದ ಕೆಲಸ. ಸರಳು ಹಾಕಿ ಹೊಡೆಯುವುದು ಹತ್ತು ನಿಮಿಷದ ಕೆಲಸ. ನಾವು ಹತ್ತು ನಿಮಿಷಕ್ಕೆ ಕಾಸು ಕೊಟ್ಟೆವು.

ಹೊಲದ ಯೂರಿಯಾ, ಗಾಡಿಯ ಯೂರಿಯಾ

ಡೀಸೆಲ್ ಕಡೆ ಬಂದರೆ ಕಿತ್ತುಹಾಕುವ ಚಟ ಇನ್ನೂ ಜೋರು. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಿಎಸ್-6 ಬಂತು. ಡೀಸೆಲ್ ಕಾರು, ಗೂಡ್ಸ್ ಗಾಡಿಗಳಿಗೆ ಡಿಪಿಎಫ್ ಎಂಬ ಮಸಿ ಹಿಡಿಯುವ ಜರಡಿ ಬಂತು. ಜರಡಿ ತುಂಬಿದಾಗ ಗಾಡಿಯೇ ಅದನ್ನು 550–600 ಡಿಗ್ರಿಯಷ್ಟು ಕಾಯಿಸಿ ಮಸಿ ಸುಡುತ್ತದೆ. ಅದಕ್ಕೆ ಹದಿನೈದಿಪ್ಪತ್ತು ನಿಮಿಷ ಒಂದೇ ಸಮನೆ ಓಡಬೇಕು. ನಮ್ಮ ಗಾಡಿಗಳೋ ಹೊಲದಿಂದ ಮನೆಗೆ, ಮನೆಯಿಂದ ಡೇರಿಗೆ. ಸುಡುವುದು ಅರ್ಧಕ್ಕೆ ನಿಲ್ಲುತ್ತದೆ, ದೀಪ ಹತ್ತುತ್ತದೆ. ದೀಪ ಹತ್ತಿದ ದಿನವೇ ಹೆದ್ದಾರಿಯಲ್ಲಿ ಹಾವೇರಿ ತನಕ ಒಂದು ಸಲ ಹೋಗಿಬಂದಿದ್ದರೆ ಎಷ್ಟೋ ಸಲ ಮುಗಿಯುತ್ತಿತ್ತು. ಶೋರೂಮಿನಲ್ಲಿ ಗಾಡಿಗೆ ಹಾರ ಹಾಕಿ ಬೀಗ ಕೊಟ್ಟವರು ಈ ಒಂದು ಮಾತು ಹೇಳಿದ್ದರೆ? ನಾವು ಕೇಳಿದವರಲ್ಲಿ ಬಹಳ ಜನಕ್ಕೆ ಯಾರೂ ಹೇಳಿರಲಿಲ್ಲ. ಡಿಪಿಎಫ್ ಗಾಡಿಗೆ ಕಡಿಮೆ ಬೂದಿಯ ಆಯಿಲ್ಲೇ ಬೇಕು, ಹಳೆ ಗಾಡಿಯ ಆಯಿಲ್ ಹಾಕಿದರೆ ಬೂದಿ ಜರಡಿಯಲ್ಲೇ ಉಳಿಯುತ್ತದೆ ಎಂಬುದನ್ನೂ ಹೇಳಿರಲಿಲ್ಲ.

ಲಾರಿ ಮತ್ತು ಕೆಲವು ದೊಡ್ಡ ಡೀಸೆಲ್ ಗಾಡಿಗಳಿಗೆ ಡಿಇಎಫ್ ದ್ರವ ಬೇಕು. ಅದು 32.5 ಶೇಕಡ ಶುದ್ಧ ಯೂರಿಯಾ, ಉಳಿದದ್ದು ಲವಣ ತೆಗೆದ ನೀರು. ‘ಯೂರಿಯಾ ಅಂದ್ರ ಮನ್ಯಾಗ ಚೀಲ ಐತಲ್ಲ’ ಎಂದು ಬಕೆಟ್ಟಿನಲ್ಲಿ ಕರಗಿಸಿ ಹಾಕುವ ಬುದ್ಧಿವಂತಿಕೆಯನ್ನೂ ನಾವು ಕಂಡಿದ್ದೇವೆ. 2015ರಿಂದ ಹೊಲದ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪ ಕಡ್ಡಾಯ. ಆ ಎಣ್ಣೆ, ಕಲ್ಮಶ, ಬೋರ್‌ವೆಲ್ ನೀರಿನ ಸುಣ್ಣ ಎಲ್ಲ ಸೇರಿ ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ, ಹಿಂದಿನ ಕ್ಯಾಟ್ ಹಾಳಾಗುತ್ತದೆ. ಸಬ್ಸಿಡಿ ಗೊಬ್ಬರವನ್ನು ಬೇರೆ ಕೆಲಸಕ್ಕೆ ಬಳಸುವುದು ಅಪರಾಧ ಬೇರೆ. ಬಿತ್ತನೆ ಹೊತ್ತಿಗೆ ಒಂದು ಚೀಲ ಯೂರಿಯಾಕ್ಕೆ ಸೊಸೈಟಿ ಮುಂದೆ ಚಪ್ಪಲಿ ಸಾಲು ಇಡುವ ಊರಿನಲ್ಲಿ ಅದನ್ನು ಗಾಡಿಗೆ ಸುರಿಯುವುದು ಯಾವ ಉಳಿತಾಯ?

ತಪ್ಪು ಮೆಕ್ಯಾನಿಕನದ್ದು ಮಾತ್ರವೇ?

ಇಲ್ಲಿಯವರೆಗೆ ಓದಿದವರು ‘ಹಳ್ಳಿ ಮೆಕ್ಯಾನಿಕ್‌ಗಳನ್ನು ಬೈಯ್ಯಲು ಬರೆದಿದ್ದಾರೆ’ ಅಂದುಕೊಳ್ಳಬಹುದು. ಅಲ್ಲ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೂ ಸ್ಪಾನರ್ ಹಿಡಿದು ಬರುವವರು ಅವರೇ, ಶೋರೂಮಿನವರಲ್ಲ. ಅವರ ಕೈಗೆ ಗಾಡಿಯ ಮಾಹಿತಿ ಕೊಟ್ಟವರು ಯಾರು? ಗಾಡಿಯೊಳಗೆ ಕಂಪ್ಯೂಟರ್ ಇಟ್ಟ ಕಂಪನಿಗಳು ಅದರ ಸಾಫ್ಟ್‌ವೇರ್, ವೈರಿಂಗ್ ನಕ್ಷೆ, ಅಳತೆಗಳನ್ನು ತಮ್ಮ ವರ್ಕ್‌ಶಾಪಿನೊಳಗೆ ಬಚ್ಚಿಟ್ಟುಕೊಂಡವು. 2014ರ ಆಗಸ್ಟಿನಲ್ಲಿ ಭಾರತದ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಬಿಡಿಭಾಗ, ತಪಾಸಣಾ ಸಲಕರಣೆ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಾರೆ ಎಂಬ ಕಾರಣಕ್ಕೆ. ಕಂಪನಿಗಳು ಮೇಲ್ಮನವಿ ಹಾಕಿದವು. 2022ರ ಡಿಸೆಂಬರಿನಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ ‘ರಿಪೇರಿ ಹಕ್ಕು’ ಪೋರ್ಟಲ್ ತೆರೆಯಿತು. ಒಳ್ಳೆಯದು. ಆದರೆ ನಮ್ಮ ಹೋಬಳಿಯ ಗ್ಯಾರೇಜಿನ ಗೋಡೆಗೆ ಇನ್ನೂ ಒಂದು ವೈರಿಂಗ್ ನಕ್ಷೆ ಬಂದಿಲ್ಲ. ಮಾಹಿತಿ ಇಲ್ಲದವನ ಕೈಗೆ ಉಳಿಯುವುದು ಸುತ್ತಿಗೆ ಮತ್ತು ಸರಳು.

ಇನ್ನು ಹೊಗೆ ಪರೀಕ್ಷೆ. ಕೇಂದ್ರ ಮೋಟಾರು ವಾಹನ ನಿಯಮ 115 ಇರುವುದು ಗಾಡಿಯ ಪೈಪಿಗೆ ನಳಿಕೆ ಹಾಕಿ ಅಳೆಯಲು. ನಂಬರ್ ಪ್ಲೇಟಿನ ಫೋಟೊ ಅಳೆಯಲು ಅಲ್ಲ. ಪ್ರಾಮಾಣಿಕವಾಗಿ ಮಾಡಿದರೂ ಈ ಪರೀಕ್ಷೆ ನೈಟ್ರೋಜನ್ ಆಕ್ಸೈಡನ್ನು ನೋಡುವುದಿಲ್ಲ, ಸೀಟಿನ ಕೆಳಗಿನ ಸೋರಿಕೆಯನ್ನೂ ನೋಡುವುದಿಲ್ಲ. ಅಷ್ಟು ಚಿಕ್ಕ ಪರೀಕ್ಷೆಯನ್ನೂ ಮಾಡದೆ ಕಾಗದ ಮಾರುತ್ತಾರೆ, ನಾವು ಕೊಳ್ಳುತ್ತೇವೆ. ಸಾರಿಗೆ ಇಲಾಖೆಗೆ ಇದು ಗೊತ್ತಿಲ್ಲವೇ? ರಸ್ತೆಯಲ್ಲಿ ತಡೆದವರು ಕೇಳುವುದೂ ಕಾಗದವನ್ನೇ, ಹೊಗೆಯನ್ನಲ್ಲ.

ಕಾನೂನು ಕಡಿಮೆಯೇನಿಲ್ಲ. 2019ರ ತಿದ್ದುಪಡಿಯ ನಂತರ ಹೊಗೆ ನಿಯಮ ಮುರಿದರೆ 10,000 ರೂಪಾಯಿವರೆಗೆ ದಂಡ ಅಥವಾ 3 ತಿಂಗಳವರೆಗೆ ಜೈಲು. ಗಾಡಿಯನ್ನು ಅಕ್ರಮವಾಗಿ ಮಾರ್ಪಡಿಸಿದರೆ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು. ಗಮನಿಸಿ, ಇದು ಮಾಲೀಕನಿಗೆ. ಕಿತ್ತ ಗ್ಯಾರೇಜು ಅಂಗಡಿ ಮುಚ್ಚಿ ಮನೆಗೆ ಹೋಗುತ್ತದೆ, ಸಿಕ್ಕಿಬೀಳುವವರು ನೀವು.

‘ನಮ್ಮೂರೇನು ದಿಲ್ಲಿಯಾ?’

ಈ ಮಾತನ್ನು ನಾವು ಬಹಳ ಕೇಳಿದ್ದೇವೆ. ಊರ ಸುತ್ತ ಹೊಲ, ಗಾಳಿ ಬೇಕಾದಷ್ಟು, ಒಂದು ಗಾಡಿ ಹೊಗೆ ಏನು ಮಾಡೀತು? ಸರಿ, ಹೊಲದ ಗಾಳಿಗೆ ಏನೂ ಆಗದಿರಬಹುದು. ಆದರೆ ವ್ಯಾನಿನೊಳಗಿನ ಗಾಳಿ ಹೊಲದ ಗಾಳಿಯಲ್ಲ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ದಿನವಿಡೀ ನಿಲ್ಲುವವರ ಗಾಳಿ ಹೊಲದ ಗಾಳಿಯಲ್ಲ. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲೇ ಘೋಷಿಸಿದೆ. ಆ ಘೋಷಣೆಯಲ್ಲಿ ಹಳ್ಳಿಗೆ ರಿಯಾಯಿತಿ ಕೊಟ್ಟಿಲ್ಲ.

‘ಬಡವರಿಗೆ ಹೊಸ ಕ್ಯಾಟ್ ಹಾಕೋ ತಾಕತ್ತು ಎಲ್ಲಿ?’ ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೇ ಹೇಳುತ್ತಿದ್ದೇವೆ, ಮೊದಲು ಪರೀಕ್ಷೆ ಮಾಡಿಸಿ. ಗ್ಯಾಸ್ಕೆಟ್, ಪ್ಲಗ್, ಸೆನ್ಸರ್, ಏರ್ ಫಿಲ್ಟರ್‌ನಲ್ಲಿ ಮುಗಿಯುವ ಕಾಯಿಲೆಗೆ ದೊಡ್ಡ ಆಪರೇಶನ್ ಹೇಳಿ, ದುಡ್ಡಿಲ್ಲ ಅಂದಾಗ ಅಂಗವನ್ನೇ ಕತ್ತರಿಸುವುದು ಬಡವರ ಪರ ಅಲ್ಲ. ಬಡವರ ಹೆಸರಿನಲ್ಲಿ ನಡೆಯುವ ವ್ಯಾಪಾರ ಅದು.

ನಮ್ಮ ಬೇಡಿಕೆ ದೊಡ್ಡದಲ್ಲ. ಗಾಡಿ ಬಾರದೆ ಸರ್ಟಿಫಿಕೇಟ್ ಕೊಟ್ಟ ಕೇಂದ್ರದ ಪರವಾನಗಿ ರದ್ದು ಮಾಡಿ. ಪ್ರತಿ ತಾಲ್ಲೂಕಿನ ಐಟಿಐನಲ್ಲಿ ಒಂದು ಒಳ್ಳೆಯ ಸ್ಕ್ಯಾನರ್, ಒಂದು ಹೊಗೆ ಅಳೆಯುವ ಯಂತ್ರ ಇಡಿ. ವಾರಕ್ಕೊಂದು ಸಂಜೆ ಹಳ್ಳಿ ಮೆಕ್ಯಾನಿಕ್‌ಗಳಿಗೆ ಅದನ್ನು ಬಿಟ್ಟುಕೊಡಿ, ಕಲಿಸಿ. ಗಾಡಿ ಮಾರುವ ಕಂಪನಿ ಅದರ ರಿಪೇರಿ ಮಾಹಿತಿಯನ್ನು ಕನ್ನಡದಲ್ಲಿ, ಎಲ್ಲರಿಗೂ ಸಿಗುವಂತೆ ಕೊಡಲಿ.

ನೀವು ಮಾಡಬೇಕಾದ್ದು ಇನ್ನೂ ಸಣ್ಣದು. ಗ್ಯಾರೇಜಿನಲ್ಲಿ ನಾಲ್ಕು ಮಾತು ಕೇಳಿ. ಕೋಡು ಏನು ಬಂತು, ಬರೆದುಕೊಡಿ. ಸೋರಿಕೆ ನೋಡಿದಿರಾ? ಪ್ಲಗ್ಗು ನೋಡಿದಿರಾ? ಬಿಚ್ಚಿದ ಭಾಗ ನನಗೆ ಕೊಡಿ. ಈ ನಾಲ್ಕು ಮಾತಿಗೆ ಸಿಟ್ಟಾಗುವ ಗ್ಯಾರೇಜಿನಲ್ಲಿ ಗಾಡಿ ಬಿಡಬೇಡಿ. ಮತ್ತೆ, ಮಕ್ಕಳು ‘ಗಾಡ್ಯಾಗ ತಲಿ ನೋಯ್ತೈತಿ’ ಅಂದರೆ ನಿಂಬೆಹಣ್ಣು ಕೊಡುವ ಮೊದಲು ಕಿಟಕಿ ತೆರೆಯಿರಿ, ಗಾಡಿಯ ಅಡಿ ನೋಡಿಸಿ.

ನಮ್ಮ ಗೆಳೆಯರ ವ್ಯಾನಿಗೆ ಕೊನೆಗೂ ಹೊಸ ಕ್ಯಾಟ್ ಬಂತು. ಅರ್ಧ ದುಡ್ಡು ನಾವು ಸೇರಿಸಿ ಕೊಟ್ಟೆವು, ದಂಡ ಅಂದುಕೊಂಡು. ಆಮೇಲೆ ಗಾಡಿಯನ್ನೇ ಓಡಿಸಿಕೊಂಡು ಹೊಗೆ ಕೇಂದ್ರಕ್ಕೆ ಹೋದೆವು. ಅಲ್ಲಿನ ಹುಡುಗ ನಮ್ಮನ್ನು ನೋಡಿ ‘ಗಾಡಿ ಯಾಕ ತಂದ್ರಿ ಸರ, ಫೋಟೊ ಹಾಕಿದ್ರ ಆಗ್ತಿತ್ತಲ್ಲ’ ಅಂದ. ನಳಿಕೆ ಹಾಕಪ್ಪ ಅಂದೆವು. ಅವನು ಅದನ್ನು ಹುಡುಕಲು ಒಳಗೆ ಹೋದ.